ಪೊಲೀಸ್ ಠಾಣೆಯಲ್ಲಿ ಕಿರಿಕ್ ಸಿಬ್ಬಂದಿ ಇದ್ದರೆ
ಕಿರಿಯರನ್ನು ಹೀಯಾಳಿಸುವ, ಡ್ಯೂಟಿ ಹಂಚಿದಾಗೆಲ್ಲ ಗುಂಪು ಕಟ್ಟುವ ಸಿಬ್ಬಂದಿಯನ್ನು ಹಾಜರಿ ಕರೆಯುವ ರೋಲ್‌ಕಾಲ್‌ನಲ್ಲಿ ಎಲ್ಲರೆದುರು ಬೈಯಬೇಡಿ. ಅದೇ ದಿನ ಎರಡು ಸಾಲು ಬರೆದಿಡಿ: 'ರಾತ್ರಿ 8.10, ಸೆಂಟ್ರಿ ಕಾವಲಿಗೆ ನಿಂತಿದ್ದ ಹೊಸ ಪಿಸಿಗೆ (ಪೊಲೀಸ್ ಕಾನ್‌ಸ್ಟೆಬಲ್) ಇಂಥ ಮಾತು ಅಂದರು, ರೈಟರ್ (ಠಾಣೆಯ ಬರವಣಿಗೆ ನೋಡುವವರು) ಕೇಳಿಸಿಕೊಂಡರು.' ಆಮೇಲೆ ಒಬ್ಬರನ್ನೇ ಕರೆದು ಅದನ್ನು ಓದಿ ಹೇಳಿ. 'ನಿಮ್ಮ ನಡವಳಿಕೆ ಸರಿಯಿಲ್ಲ' ಅಂದರೆ ಯಾರಾದರೂ ವಾದಕ್ಕೆ ನಿಲ್ಲುತ್ತಾರೆ. ತಾರೀಕು, ಮಾತು, ಸಾಕ್ಷಿ ಮುಂದಿದ್ದರೆ ಜಾರಿಕೊಳ್ಳುವುದು ಕಷ್ಟ. ನಾಳೆ ಮೆಮೊ ಕೊಟ್ಟು, ಕರ್ನಾಟಕದ 1965ರ ಪೊಲೀಸ್ ಶಿಸ್ತು ನಿಯಮಗಳಡಿ ವಿಚಾರಣೆಗೆ ಹೋದರೂ ನಿಲ್ಲುವುದು ಇಂಥ ವಿವರವೇ. ವಾರದ ರಜೆಯಿಲ್ಲದೆ ಬಂದೋಬಸ್ತ್ ಮೇಲೆ ಬಂದೋಬಸ್ತ್ ಮಾಡಿ ಬಳಲಿದವರ ಸಿಡುಕಿಗೆ ಇದು ಮದ್ದಲ್ಲ, ಮೊದಲು ಡ್ಯೂಟಿ ಪಟ್ಟಿ ನೋಡಿ. ಮಹಿಳಾ ಸಿಬ್ಬಂದಿಗೆ ಲೈಂಗಿಕ ಕಿರುಕುಳವಾದರಂತೂ ಬರೆದುಕೊಳ್ಳುತ್ತ ಕೂರಬೇಡಿ, ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ರಚಿಸಿದ ಆಂತರಿಕ ಸಮಿತಿಗೆ ಅವರ ದೂರು ಅಂದೇ ತಲುಪಲಿ.