ಹದಿನೈದು ಡಂಪರ್ ಹೆಚ್ಚಿನ ಕಲ್ಲು

ಸೇಡಂ ತಾಲ್ಲೂಕಿನ ಸುಣ್ಣಕಲ್ಲಿನ ಗಣಿಯೊಂದಕ್ಕೆ ಫೋರ್‌ಮನ್ ಆಗಿ ಸೇರಿದ ಹೊಸದರಲ್ಲಿ, ಒಂದು ಪಾಳಿಯಲ್ಲಿ ಹೇಳಿದ್ದಕ್ಕಿಂತ ಹದಿನೈದು ಡಂಪರ್ ಹೆಚ್ಚು ಕಲ್ಲನ್ನು ಕ್ರಷರಿಗೆ ಸಾಗಿಸಿದ್ದೆ. ಬೆನ್ನು ತಟ್ಟುತ್ತಾರೆಂದು ಕಾದಿದ್ದರೆ ಮ್ಯಾನೇಜರ್ ಕೇಳಿದ್ದು ಒಂದೇ ಮಾತು: "ಇದನ್ನು ಎಲ್ಲಿ ಸುರಿಯೋಣ ಹೇಳಿ?"

ನಮ್ಮ ಕಲ್ಲು ಮಾರುಕಟ್ಟೆಗೆ ಹೋಗುವುದಿಲ್ಲ, ಪಕ್ಕದ ಸಿಮೆಂಟ್ ಕಾರ್ಖಾನೆಯ ಕಿಲ್ನಿಗೆ, ಅಂದರೆ ಕಲ್ಲು ಸುಡುವ ಕುಲುಮೆಗೆ ಹೋಗುತ್ತದೆ. ಅಲ್ಲಿ ಸುಟ್ಟು ಬರುವ, ಆಮೇಲೆ ಅರೆದು ಸಿಮೆಂಟ್ ಮಾಡುವ ಗಟ್ಟಿ ಉಂಡೆಗಳೇ ಕ್ಲಿಂಕರ್. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣಕಲ್ಲು ಬೇಕು. ದಿನಕ್ಕೆ 4,000 ಟನ್ ಕ್ಲಿಂಕರ್ ಸುಡುವುದಾದರೆ 6,000 ಟನ್ ಕಲ್ಲು, 35 ಟನ್ನಿನ ಡಂಪರಿಗೆ ನೂರ ಎಪ್ಪತ್ತರಷ್ಟು ಟ್ರಿಪ್. ಹೆಚ್ಚಾದರೆ ರಾಶಿ ಹಾಕಲು ಜಾಗವಿಲ್ಲ. ಕಡಿಮೆಯಾಗಿ ಕಿಲ್ನ್ ನಿಂತು ತಣ್ಣಗಾದರಂತೂ ಒಳಗಿನ ಬೆಂಕಿ ತಡೆಯುವ ಇಟ್ಟಿಗೆಗೇ ಪೆಟ್ಟು.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಲೆಕ್ಕವಲ್ಲ, ಕಲ್ಲಿನ ಗುಣ. ಒಂದೇ ಗಣಿಯಲ್ಲಿ ಒಂದು ಬದಿಯ ಕಲ್ಲು ಸುಣ್ಣದ ಅಂಶ ತುಂಬಿದ್ದು, ಇನ್ನೊಂದು ಬದಿಯದು ಜೇಡಿ, ಸಿಲಿಕಾ ಬೆರೆತದ್ದು. ಒಳ್ಳೆಯದನ್ನೇ ಅಗೆದರೆ ಸುಲಭ, ಆದರೆ ಕೆಲವೇ ವರ್ಷಗಳಲ್ಲಿ ಕೆಟ್ಟದ್ದಷ್ಟೇ ಉಳಿಯುತ್ತದೆ. ಹಾಗಾಗಿ ಎರಡನ್ನೂ ಬೆರೆಸಿಯೇ ಕಳಿಸಬೇಕು. ಪ್ರಯೋಗಾಲಯದ ಚೀಟಿ ಬರುವ ಮೊದಲೇ ನಮ್ಮ ಎಕ್ಸ್‌ಕವೇಟರ್ ಓಡಿಸುವ ಚಾಚಾ ಬಣ್ಣ ನೋಡಿ ಹೇಳಿಬಿಡುತ್ತಿದ್ದರು: "ಸಾಹೇಬರೇ, ಇದು ಬರೀ ಮಣ್ಣು. ಎರಡು ಗಾಡಿ ಆ ಕಡೆಯದು ಹಾಕಿಸಿ." ಅವರ ಮಾತು ತಪ್ಪಿದ್ದು ನನಗೆ ನೆನಪಿಲ್ಲ.

ಮೃಗಶಿರಾ ಮಳೆಗೆ ಮುಂಚೆ ಮೇಲಿನ ಎರೆ ಮಣ್ಣನ್ನು ತೆಗೆದಿರಬೇಕು. ಒಮ್ಮೆ ತಡಮಾಡಿದ್ದೆ, ಒದ್ದೆ ಮಣ್ಣು ಕ್ರಷರಿಗೆ ಕಲ್ಲು ಸುರಿಯುವ ಹಾಪರಿಗೆ ಮೆತ್ತಿಕೊಂಡು ಅರ್ಧ ದಿನ ಸಲಿಕೆ ಹಿಡಿದು ಕೆರೆದೆವು. ತೊಗರಿ ಬಿತ್ತನೆ ಬಂತೆಂದರೆ ಡ್ರೈವರುಗಳೂ ರಜೆ ಕೇಳುತ್ತಾರೆ. ಅದೃಷ್ಟಕ್ಕೆ ಮಳೆಗಾಲದಲ್ಲಿ ಮನೆ ಕಟ್ಟುವವರು ಕಡಿಮೆ, ಸಿಮೆಂಟಿನ ಬೇಡಿಕೆಯೂ ಇಳಿಯುತ್ತದೆ. ಕಿಲ್ನಿನ ದೊಡ್ಡ ರಿಪೇರಿಯನ್ನು ನಮ್ಮಲ್ಲಿ ಆಗಲೇ ಇಟ್ಟುಕೊಳ್ಳುತ್ತಿದ್ದರು.

ಇವೆಲ್ಲದರ ಮೇಲೆ ಕಾಗದವಿದೆ. ವರ್ಷಕ್ಕೆ ಇಷ್ಟೇ ಟನ್ ಎಂದು ಪರಿಸರ ಅನುಮತಿಯಲ್ಲಿ ಬರೆದಿರುತ್ತದೆ. ಒಂದು ವರ್ಷ ಫೆಬ್ರವರಿಯಲ್ಲಿ ಲೆಕ್ಕ ಹಾಕಿದಾಗ ಮಾರ್ಚ್ ಮುಗಿಯುವುದರೊಳಗೆ ಮಿತಿ ದಾಟುವುದು ಕಂಡಿತು. ಯಂತ್ರವೂ ಜನರೂ ಇದ್ದಂತೆಯೇ ಒಂದು ಪಾಳಿ ನಿಲ್ಲಿಸಿದೆವು.

2020ರ ಲಾಕ್‌ಡೌನ್‌ನಲ್ಲಿ ಕಿಲ್ನ್ ನಿಂತಿತು. ಗಣಿಗೆ ಇಳಿಯುತ್ತಿದ್ದವರು ಪಂಪ್ ನೋಡುವ ಹುಡುಗ ಮತ್ತು ನಾನು, ಇಬ್ಬರೇ. ದಿನಾ ಸಂಜೆ ಪಾಳಿ ಪುಸ್ತಕ ತೆರೆದು, ಉತ್ಪಾದನೆಯ ಕಾಲಮ್‌ನಲ್ಲಿ ಸೊನ್ನೆ ಬರೆದು ಸಹಿ ಹಾಕುತ್ತಿದ್ದೆ.