ಎರಡೇ ತಂತಿ, ಎರಡು ದೀಪ, ಎರಡಕ್ಕೂ ಬೇರೆ ಆಟ

ಲೆಗೊ ಆಟಿಕೆಗಳಿಗೆ ಮೋಟಾರು, ದೀಪ ಜೋಡಿಸುವ ಪವರ್ ಫಂಕ್ಷನ್ಸ್ ಸರಣಿಯ ದೀಪದ ಜೋಡಿ ಬಳಸಿದವರಿಗೆಲ್ಲ ಗೊತ್ತು: ಹತ್ತಿದರೆ ಎರಡೂ ಹತ್ತುತ್ತವೆ, ಆರಿದರೆ ಎರಡೂ ಆರುತ್ತವೆ. ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದರೂ ಅದೇ ಕಥೆ. ನನಗೆ ಬೇಕಿದ್ದದ್ದು ಬೇರೆ. ನನ್ನ ಲೆಗೊ ರೈಲಿನ ಕೊನೆಯ ಬೋಗಿಯೊಳಗೆ ಬಿಳಿ ದೀಪ ಉರಿಯುತ್ತಲೇ ಇರಬೇಕು. ಹಿಂಬದಿಯಲ್ಲಿ, ಇದೇ ಕೊನೆಯ ಬೋಗಿ ಎಂದು ಸಾರುವ ಎಲ್‌ವಿ ಫಲಕದ ಪಕ್ಕ, ನಮ್ಮ ರೈಲುಗಳಲ್ಲಿರುವಂತೆ ಕೆಂಪು ದೀಪ ಮಿನುಗಬೇಕು.

ಇನ್ನೊಂದು ತಂತಿ ಎಳೆದರೆ ಮುಗಿಯಿತಲ್ಲ ಎಂದರು ಗೆಳೆಯರು. ಎಳೆದು ನೋಡಿದೆ. ಲೆಗೊದ ನಾಲ್ಕೆಳೆಯ ಬಿರುಸು ಕೇಬಲ್ ತಿರುವು ಬಂದೊಡನೆ ಬೋಗಿಯನ್ನೇ ಹಳಿಯಿಂದ ಎತ್ತಿ ಹಾಕಿತು. ಕೊಂಡಿಯ ನಡುವೆ ಸಲೀಸಾಗಿ ಬಳುಕುವುದು ಕೂದಲಿನಂಥ ಎರಡು ಎನಾಮಲ್ ತಂತಿ ಮಾತ್ರ.

ದೀಪಗಳನ್ನು ಅವುಗಳ ಕನೆಕ್ಟರಿನಿಂದ ಕತ್ತರಿಸಿ, ಕರೆಂಟು ಒಂದು ದಿಕ್ಕಿಗೆ ಹರಿದರೆ ಒಂದು, ಎದುರು ದಿಕ್ಕಿಗೆ ಹರಿದರೆ ಇನ್ನೊಂದು ಹತ್ತುವಂತೆ ತಿರುಗುಮುರುಗಾಗಿ ಬೆಸುಗೆ ಹಾಕುತ್ತೇನೆ ಎಂದಾಗ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವರು ನಕ್ಕರು. "ಒಂದು ಹೊತ್ತಿಗೆ ಒಂದೇ ಹತ್ತುತ್ತದೆ ಸಾರ್, ಎರಡನ್ನೂ ಒಟ್ಟಿಗೆ ಉರಿಸುವ ಆಸೆ ಬಿಡಿ." ಅವರ ಮಾತು ಸುಳ್ಳಲ್ಲ. ಆದರೆ ಸೆಕೆಂಡಿಗೆ ಇನ್ನೂರು ಸಲ ದಿಕ್ಕು ಬದಲಿಸಿದರೆ ಅದು ಕಣ್ಣಿಗೆ ತಿಳಿಯಬೇಕಲ್ಲ!

ಮೊದಲ ಸಲ, ಕರೆಂಟಿನ ದಿಕ್ಕು ಬದಲಿಸಬಲ್ಲ ಎಲ್293ಡಿ ಎಂಬ ಮೋಟಾರ್ ಚಿಪ್ ಹಾಕಿ, 9 ವೋಲ್ಟಿನ ಬ್ಯಾಟರಿ ಪೆಟ್ಟಿಗೆಯಿಂದಲೇ ನಡೆಸಿದೆ. ಒಂದೊಂದು ಎಲ್‌ಇಡಿಗೆ ಒಂದೊಂದು ರೆಸಿಸ್ಟರ್. ಹತ್ತು ದಿನ ಚೆನ್ನಾಗಿತ್ತು, ಆಮೇಲೆ ಬಿಳಿ ದೀಪ ಸತ್ತಿತು. ಇನ್ನೊಂದು ಜೋಡಿ ಹಾಕಿದೆ, ಅದಕ್ಕೂ ಅದೇ ಗತಿ. ಹಳೆಯ ದಾಸ್ತಾನು, ಜೋಡಿಗೆ ಸುಮಾರು ಸಾವಿರದ ಇನ್ನೂರು ಕೊಟ್ಟ ನೆನಪು. ಮನೆಯಲ್ಲಿ ನಾನೂರು ಎಂದು ಹೇಳಿದ್ದೆ. ದೀಪ ಸತ್ತದ್ದಕ್ಕೆ ತಪ್ಪು ನನ್ನದೇ. ರೆಸಿಸ್ಟರ್ ಬೇರೆ ಬೇರೆ ಇದ್ದರೆ, ಆರಿರುವ ಎಲ್‌ಇಡಿಯ ಮೇಲೆ ಇಡೀ ವೋಲ್ಟೇಜು ಹಿಮ್ಮುಖವಾಗಿ ಬೀಳುತ್ತದೆ. 9ರಲ್ಲಿ ಎಲ್293ಡಿ ತಿಂದು ಉಳಿದದ್ದೇ ಆರೂವರೆ ವೋಲ್ಟು. ಇಂಥ ಎಲ್‌ಇಡಿ ಹಿಮ್ಮುಖವಾಗಿ ತಡೆಯುವುದು ಸಾಮಾನ್ಯವಾಗಿ 5. ಎರಡಕ್ಕೂ ಸೇರಿ ಒಂದೇ ರೆಸಿಸ್ಟರ್ ಇಟ್ಟರೆ, ಉರಿಯುವ ದೀಪವೇ ಆರಿದ ದೀಪವನ್ನು ಮೂರು ವೋಲ್ಟಿನ ಆಸುಪಾಸಿನಲ್ಲಿ ಕಾಯುತ್ತದೆ. ಎರಡು ರೂಪಾಯಿಯ ವಸ್ತುವನ್ನು ಕಡಿಮೆ ಬಳಸಬೇಕಿತ್ತು, ಅಷ್ಟೇ.

ಆಮೇಲೆ ಎಲ್293ಡಿಯನ್ನೇ ಕಿತ್ತು ಹಾಕಿದೆ. ಈಗಿರುವುದು 5 ವೋಲ್ಟಿನಲ್ಲಿ ನಡೆಯುವ ಒಂದು ಅಟ್ಟೈನಿ85 ಎಂಬ ಪುಟ್ಟ ಮೈಕ್ರೋಕಂಟ್ರೋಲರ್, ಅದರ ಎರಡು ಪಿನ್ನು, ನಡುವೆ ದೀಪಗಳ ಜೊತೆ 220 ಓಮಿನ ಒಂದೇ ರೆಸಿಸ್ಟರ್. ಎಲ್ಲ ಸೇರಿ ಇನ್ನೂರೈವತ್ತು ರೂಪಾಯಿ ದಾಟಿಲ್ಲ, ಸತ್ತ ಜೋಡಿಗಳ ಲೆಕ್ಕ ಬಿಟ್ಟು.

ಕೋಡಿನಲ್ಲೂ ಎಡವಿದೆ. ಕೆಂಪು ಆರಿದಾಗ ಅದರ ಪಾಲಿನ ಸಮಯವನ್ನೂ ಬಿಳಿಗೇ ಕೊಟ್ಟಿದ್ದೆ. ಕೆಂಪು ಮಿನುಗಿದಾಗಲೆಲ್ಲ ಬೋಗಿಯೊಳಗೂ ಮಿಂಚು! ಆ ಪಾಲನ್ನು ಖಾಲಿ ಬಿಡಬೇಕು, ಎರಡೂ ಪಿನ್ನು ಸೊನ್ನೆ ವೋಲ್ಟಿನಲ್ಲಿ. ಇನ್ನು ಕೆಂಪು ಎಂದರೆ ಬಿಳಿ ಎಲ್‌ಇಡಿಯ ಮೇಲೆ ಕೂರಿಸಿದ ಪಾರದರ್ಶಕ ಕೆಂಪು ಗುಂಡು ತುಣುಕು, ಅದು ಬೆಳಕನ್ನು ನುಂಗುತ್ತದೆ. ಹಾಗಾಗಿ ಅದಕ್ಕೆ ಸಮಯದ ದೊಡ್ಡ ಪಾಲು ಕೊಟ್ಟಿದ್ದೇನೆ. ಎಷ್ಟೆಂದು ಹೇಳುವುದಿಲ್ಲ, ನನಗೆ ಎರಡು ಭಾನುವಾರ ಹಿಡಿಯಿತು. ಕೊಂಡಿಯೊಳಗೆ ತಂತಿ ಸುತ್ತುವ ಬಗೆಯೂ ನನ್ನಲ್ಲೇ ಇರಲಿ.

ಬೋಗಿಯನ್ನು ಅಂಗಡಿಗೆ ಒಯ್ದು ತೋರಿಸಿದೆ. ಅವರು ಅದನ್ನು ತಲೆಕೆಳಗು ಮಾಡಿ, ಉಗುರಿನಿಂದ ಕೆದಕಿ, ಮೂರನೇ ತಂತಿಯನ್ನು ಹುಡುಕಿದರು. ಸಿಗಲಿಲ್ಲ. ಮೊಬೈಲ್ ಕ್ಯಾಮರಾ ಹಿಡಿದಾಗ ಮಾತ್ರ ಪರದೆಯ ಮೇಲೆ ಪಟ್ಟೆಗಳು ಓಡಿ ಗುಟ್ಟು ರಟ್ಟಾಯಿತು.

ಮೂರು ತಂತಿಯಾದರೆ ಮೂರು ಜೋಡಿ, ಜೋಡಿಗೆ ಎರಡರಂತೆ ಇದೇ ಲೆಕ್ಕದಲ್ಲಿ ಆರು ದೀಪ. 3 ಮಿ.ಮೀ. ಎಲ್‌ಇಡಿ ಲೆಗೊ ತುಣುಕಿನ ಟೊಳ್ಳು ಗುಬುಟಿನೊಳಗೆ ಹೇಳಿ ಮಾಡಿಸಿದಂತೆ ಕೂರುತ್ತದೆ, ಅದರಲ್ಲೇ ಸಿಗ್ನಲ್ ಕಂಬ ಕಟ್ಟುತ್ತಿದ್ದೇನೆ. ಬಿಳಿಯ ಜೊತೆ ನಿಜವಾದ ಕೆಂಪು ಎಲ್‌ಇಡಿ ಬೆರೆಸಿದ್ದೇ ಎಡವಟ್ಟಾಗಿದೆ: ಬಿಳಿ ಉರಿದಾಗ ಕರೆಂಟು ಕಳ್ಳದಾರಿ ಹಿಡಿದು, ಕತ್ತಲೆಯಲ್ಲಿ ಎರಡು ಕೆಂಪು ದೀಪ ಬೀಡಿಯ ತುದಿಯಂತೆ ಕಾಣುತ್ತವೆ. ಸದ್ಯ ಕಂಬದಲ್ಲಿ ಕೆಂಪು ಮಾತ್ರ ಉಳಿಸಿದ್ದೇನೆ.