ಟ್ಯೂನಾ ಟೊಮೆಟೊ ಸಲಾಡ್: ನೀರು ಹಿಡಿತದಲ್ಲಿರಲಿ

ಟ್ಯೂನಾ ಡಬ್ಬಿಯೊಂದು ಮನೆಯಲ್ಲಿದ್ದರೆ ಇಪ್ಪತ್ತು ನಿಮಿಷದಲ್ಲಿ ಮಧ್ಯಾಹ್ನದ ಊಟ ತಯಾರಾಗುತ್ತದೆ. ಆದರೂ ಬಹಳ ಮನೆಗಳಲ್ಲಿ ಈ ಸಲಾಡ್ ರುಚಿಗೆಡುತ್ತದೆ, ಅದಕ್ಕೆ ಕಾರಣ ನೀರು. ಡಬ್ಬಿಯ ನೀರು, ಟೊಮೆಟೊ ನೀರು, ಸೌತೆಕಾಯಿ ನೀರು ಎಲ್ಲ ಸೇರಿ ಅರ್ಧ ಗಂಟೆಯಲ್ಲಿ ಬಟ್ಟಲ ತಳದಲ್ಲಿ ತಿಳಿಗೆಂಪು ನೀರು ನಿಲ್ಲುತ್ತದೆ, ಮೀನು ಅದರಲ್ಲಿ ನೆನೆದು ಸಪ್ಪೆಯಾಗುತ್ತದೆ. ಕೋಸಂಬರಿಗೆ ತಿನ್ನುವ ಹೊತ್ತಿಗೆ ಉಪ್ಪು ಬೆರೆಸಿ ಎನ್ನುವುದೂ ಇದೇ ಕಾರಣಕ್ಕೆ.

ಇಬ್ಬರಿಗೆ ಸಾಕಾಗುವ ಅಳತೆ ಹೇಳುತ್ತೇನೆ. 185 ಗ್ರಾಂ ಡಬ್ಬಿ ಒಂದು, ಮಧ್ಯಮ ಗಾತ್ರದ ಟೊಮೆಟೊ ಮೂರು, ಸಣ್ಣ ಈರುಳ್ಳಿ ಒಂದು, ಎಳೆ ಸೌತೆಕಾಯಿ ಅರ್ಧ, ಬೇಯಿಸಿದ ಕಾಬೂಲಿ ಕಡಲೆ ಅರ್ಧ ಬಟ್ಟಲು, ಒಂದು ಹಿಡಿ ಕೊತ್ತಂಬರಿ ಸೊಪ್ಪು. ಕಲಸಲು ಅರ್ಧ ನಿಂಬೆಹಣ್ಣಿನ ರಸ, ಮೂರು ಟೀ ಚಮಚ ಎಣ್ಣೆ, ಕಾಲು ಟೀ ಚಮಚ ಉಪ್ಪು, ಆಗಷ್ಟೇ ಕುಟ್ಟಿದ ಕಾಳುಮೆಣಸು. ಕಡಲೆಯನ್ನು ಬಿಡಬೇಡಿ. ಮೀನಿನಲ್ಲಿ ಪ್ರೋಟೀನ್ ಧಾರಾಳವಾಗಿದೆ, 100 ಗ್ರಾಂಗೆ 20 ಗ್ರಾಂ ಆಸುಪಾಸು ಸಿಗುತ್ತದೆ. ಆದರೆ ನಾರು ಒಂದಿಷ್ಟೂ ಇಲ್ಲ. ಕಡಲೆಯಿಲ್ಲದೆ ತಿಂದರೆ ನಾಲ್ಕು ಗಂಟೆಗೆಲ್ಲ ಮತ್ತೆ ಹಸಿವು.

ಡಬ್ಬಿ ಕೊಳ್ಳುವಾಗ ಚೀಟಿ ಓದಿ. ಬರೀ ನೀರಿನಲ್ಲಿರುವುದು, ಉಪ್ಪುನೀರಿನಲ್ಲಿರುವುದು, ಎಣ್ಣೆಯಲ್ಲಿರುವುದು ಎಂದು ಮೂರು ಬಗೆ. ಸಲಾಡಿಗೆ ನೀರಿನದೇ ಒಳ್ಳೆಯದು. ಉಪ್ಪುನೀರಿನದಾದರೆ ಜರಡಿಗೆ ಸುರಿದು ಒಮ್ಮೆ ತಣ್ಣೀರು ಹಾಯಿಸಿ, ಮೇಲಿನಿಂದ ಹಾಕುವ ಉಪ್ಪನ್ನು ಅರ್ಧಕ್ಕಿಳಿಸಿ. ಎಣ್ಣೆಯದು ಬಾಯಿಗೆ ಮೃದು, ಆದರೆ ಮೀನಿನ ಒಳ್ಳೆಯ ಕೊಬ್ಬು ಸ್ವಲ್ಪ ಆ ಎಣ್ಣೆಗೂ ಇಳಿದಿರುವುದರಿಂದ ಬಸಿದಾಗ ಅದೂ ಹೋಗುತ್ತದೆ. ‘ಫ್ಲೇಕ್ಸ್’ ಎಂದು ಬರೆದದ್ದು ಕಲಸುವಷ್ಟರಲ್ಲಿ ಪುಡಿಯಾಗುತ್ತದೆ, ‘ಚಂಕ್ಸ್’ ಅಥವಾ ‘ಸಾಲಿಡ್’ ತನ್ನಿ. ಉಬ್ಬಿದ ಡಬ್ಬಿ, ಅಂಚಿನ ಹೊಲಿಗೆಯಲ್ಲೇ ನೆಗ್ಗಿದ ಡಬ್ಬಿ, ತುಕ್ಕು ತಿಂದ ಡಬ್ಬಿ ಎಷ್ಟು ಕಡಿಮೆ ಬೆಲೆಗೆ ಸಿಕ್ಕರೂ ಬೇಡ. ಉಬ್ಬಿದ ಡಬ್ಬಿಯನ್ನಂತೂ ರುಚಿ ನೋಡಲೂ ಬೇಡಿ, ಹಾಗೇ ಎಸೆಯಿರಿ.

ಬಸಿಯಲು ಮುಚ್ಚಳವನ್ನು ಬೆರಳಿನಿಂದ ಒತ್ತಬೇಡಿ, ಅಂಚು ಚಾಕುವಿನಷ್ಟೇ ಹರಿತ. ಮೀನನ್ನು ಜರಡಿಗೆ ಹಾಕಿ, ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ, ಐದು ನಿಮಿಷ ಹಾಗೇ ಬಿಡಿ. ಮುಷ್ಟಿಯಲ್ಲಿ ಹಿಂಡಿದರೆ ರಸವೆಲ್ಲ ಹೋಗಿ ಮೀನು ಮರದ ಹೊಟ್ಟಿನಂತಾಗುತ್ತದೆ. ಬಸಿದದ್ದಕ್ಕೆ ನಾಲ್ಕು ಹನಿ ನಿಂಬೆರಸ ಹಾಕಿಡಿ. ಮೀನಿನ ನಾತ ಹಿಡಿಸದವರೂ ಆಗ ತಿನ್ನುತ್ತಾರೆ, ಯಾಕೆಂದರೆ ಹುಳಿ ಆ ವಾಸನೆಯನ್ನು ಕಟ್ಟಿಹಾಕುತ್ತದೆ.

ಈಗ ಟೊಮೆಟೊ. ಇಲ್ಲೇ ಸ್ವಲ್ಪ ತಾಳ್ಮೆ ಬೇಕು. ಹಣ್ಣಾಗಿದ್ದೂ ಗಟ್ಟಿಯಾಗಿರುವುದನ್ನು ಆರಿಸಿ. ಫ್ರಿಜ್ಜಿನಲ್ಲಿದ್ದರೆ ಅರ್ಧ ಗಂಟೆ ಮೊದಲೇ ಹೊರಗಿಡಿ, ತಣ್ಣಗಿದ್ದಾಗ ಟೊಮೆಟೊಗೆ ಘಮವೇ ಇರುವುದಿಲ್ಲ. ಫಾರಂ ಹಣ್ಣಿನ ಗೋಡೆ ದಪ್ಪ, ಸಲಾಡಿಗೆ ಸಲೀಸು. ನಾಟಿ ಟೊಮೆಟೊಗೆ ರುಚಿ ಜಾಸ್ತಿ, ಹುಳಿಯೂ ಜಾಸ್ತಿ, ರಸವೂ ಜಾಸ್ತಿ, ಹಾಗಾಗಿ ಅದನ್ನು ಬಳಸುವಾಗ ನಿಂಬೆರಸ ಅರ್ಧ ಮಾಡಿ. ಒಂದೊಂದು ಹಣ್ಣನ್ನು ಎಂಟು ಹೋಳು ಮಾಡಿ, ಬೀಜದ ಲೋಳೆಯನ್ನು ಚಮಚದಿಂದ ಬಟ್ಟಲಿಗೆ ತೆಗೆಯಿರಿ. ಅದನ್ನು ಚೆಲ್ಲಬೇಡಿ, ಟೊಮೆಟೊದ ಹುಳಿ, ರುಚಿ ಹೆಚ್ಚಾಗಿ ಇರುವುದೇ ಆ ಲೋಳೆಯಲ್ಲಿ. ಸೋಸಿ ಎರಡು ಚಮಚ ರಸವನ್ನು ನಿಂಬೆರಸದ ಜೊತೆ ಸೇರಿಸಿ, ಉಳಿದದ್ದು ಸಂಜೆಯ ಸಾರಿಗೆ.

ಹೋಳುಗಳಿಗೆ ಎರಡು ಚಿಟಿಕೆ ಉಪ್ಪು ಉದುರಿಸಿ, ತೂತಿನ ಬುಟ್ಟಿಯಲ್ಲಿ ಹತ್ತು ನಿಮಿಷ ಇಡಿ. ಉಪ್ಪು ಒಳಗಿನ ನೀರನ್ನು ಎಳೆದು ಹೊರಗೆ ಹಾಕುತ್ತದೆ, ಹೋಳು ಗಟ್ಟಿಯಾಗಿ ಸಿಹಿ ಮೇಲೆ ಬರುತ್ತದೆ. ಕೋಸಂಬರಿಯ ಮಾತಿಗೆ ಇದು ಉಲ್ಟಾ ಅನಿಸಬಹುದು. ಒಂದೋ ಮೊದಲೇ ಉಪ್ಪು ಹಾಕಿ ಬಸಿಯಬೇಕು, ಇಲ್ಲವೇ ತಟ್ಟೆ ಮುಂದಿಟ್ಟುಕೊಂಡ ಮೇಲೆ ಹಾಕಬೇಕು. ಎರಡೂ ಬಿಟ್ಟು, ಉಪ್ಪು ಬೆರೆಸಿ ಬಸಿಯದೆ ಮುಚ್ಚಿಟ್ಟರೆ ಕೆಟ್ಟಿತು. ಸೌತೆಕಾಯಿಯ ತಿರುಳು ತೆಗೆದು ಹೆಚ್ಚಿ ಅದೇ ಬುಟ್ಟಿಗೆ ಹಾಕಿ. ಈರುಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಸೀಳಿ ಹತ್ತು ನಿಮಿಷ ತಣ್ಣೀರಿನಲ್ಲಿ ನೆನೆಸಿದರೆ ಘಾಟು ಇಳಿಯುತ್ತದೆ. ಬಟ್ಟೆಯಲ್ಲಿ ಒರೆಸಿಯೇ ಹಾಕಿ, ಇಲ್ಲದಿದ್ದರೆ ಬಸಿದಿದ್ದೆಲ್ಲ ವ್ಯರ್ಥ.

ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಮೊದಲು ನಿಂಬೆರಸಕ್ಕೆ ಉಪ್ಪು, ಮೆಣಸು ಹಾಕಿ ಕರಗಿಸಿ, ಆಮೇಲೆ ಎಣ್ಣೆ ಸುರಿದು ಮುಚ್ಚಳದ ಶೀಶೆಯಲ್ಲಿ ಕುಲುಕಿ. ಆಲಿವ್ ಎಣ್ಣೆ ಇಲ್ಲದಿದ್ದರೆ ಗಾಣದ ಕಡಲೆಕಾಯಿ ಎಣ್ಣೆ ಚೆನ್ನಾಗೇ ಹೊಂದುತ್ತದೆ. ತೆಂಗಿನೆಣ್ಣೆ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟುವುದರಿಂದ ಬೇಡ. ಕೊಬ್ಬು ಬೇಡವೆಂದು ಎಣ್ಣೆಯನ್ನೇ ಬಿಡಬೇಡಿ, ಟೊಮೆಟೊದ ಕೆಂಪು ಬಣ್ಣದಲ್ಲಿರುವ ಲೈಕೊಪೀನ್ ಮೈಗೆ ಹತ್ತಲು ಸ್ವಲ್ಪ ಎಣ್ಣೆ ಬೇಕು. ಮಯೊನೀಸ್ ಬೇಕಾಗಿಲ್ಲ. ಬೆಣ್ಣೆಯಂಥ ನುಣುಪು ಬೇಕೆನಿಸಿದರೆ ಕಾಲು ಭಾಗ ಬೆಣ್ಣೆಹಣ್ಣನ್ನು ಕಿವುಚಿ ಸೇರಿಸಿ. ತರಕಾರಿ, ಕಡಲೆಗೆ ಕುಲುಕಿದ ರಸವನ್ನು ಸುರಿದು ಕಲಸಿ, ಮೀನನ್ನು ಕೊನೆಗೆ ದೊಡ್ಡ ಎಸಳುಗಳಾಗಿ ಬಿಡಿಸಿ ಹಾಕಿ ಎರಡೇ ಸಲ ಮೇಲೆ ಕೆಳಗೆ ಮಾಡಿ. ಆಮೇಲೆ ಕೊತ್ತಂಬರಿ ಸೊಪ್ಪು.

ತಾಜಾ ಮೀನು ಸಿಗುವ ಕರಾವಳಿಯವರು ಕೇದರ ಮೀನಿನಲ್ಲೇ (ಟ್ಯೂನಾಗೆ ಅಲ್ಲಿನ ಹೆಸರು) ಮಾಡಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಕಾಲಕ್ಕೆ ಡಬ್ಬಿಯೇ ಗತಿ. 200 ಗ್ರಾಂ ತುಂಡನ್ನು ಅರಿಶಿನ, ಉಪ್ಪು, ನಾಲ್ಕು ಮೆಣಸಿನ ಕಾಳು ಹಾಕಿದ ನೀರಿನಲ್ಲಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ. ಕುದಿ ಜೋರಾದರೆ ಒಣಗುತ್ತದೆ. ಆರಿದ ಮೇಲೆ ನಡುವಿನ ಕಪ್ಪುಗೆಂಪು ಪಟ್ಟಿಯನ್ನು ಬಿಡಿಸಿ ತೆಗೆಯಿರಿ, ಅದರ ರುಚಿ ಬಲು ಗಾಢ. ಐಸಿನ ಮೇಲಿದ್ದ ಮೀನನ್ನೇ ತನ್ನಿ. ಬಿಸಿಲಲ್ಲಿ ಬಿದ್ದಿದ್ದ ಈ ಜಾತಿಯ ಮೀನಿನಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ ತಲೆನೋವು, ತುರಿಕೆ ಬರುತ್ತದೆ.

ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ಕೊಡುವಾಗ ಸ್ಕಿಪ್‌ಜ್ಯಾಕ್ ಎಂದು ಬರೆದ ಡಬ್ಬಿ ಆರಿಸಿ. ಮೀನು ದೊಡ್ಡದಾದಷ್ಟೂ ಪಾದರಸದ ಅಂಶ ಜಾಸ್ತಿ, ಇದು ಚಿಕ್ಕ ಜಾತಿಯದು. ಆದರೂ ದಿನಾ ಬೇಡ, ವಾರಕ್ಕೆರಡು ಸಲ ಸಾಕು.

ಊಟದ ಡಬ್ಬಿ ಕಟ್ಟುವುದಾದರೆ ಕಲಸಿದ್ದನ್ನು ಒಯ್ಯಬೇಡಿ. ಬಸಿದ ತರಕಾರಿ, ಕಡಲೆ ಒಂದರಲ್ಲಿ, ಮೀನು ಇನ್ನೊಂದರಲ್ಲಿ, ರಸ ಪುಟ್ಟ ಶೀಶೆಯಲ್ಲಿ. ಆಫೀಸಿನಲ್ಲಿ ಫ್ರಿಜ್ಜಿಲ್ಲದಿದ್ದರೆ ಐಸ್ ಪ್ಯಾಕ್ ಇಟ್ಟೇ ಒಯ್ಯಿರಿ, ತೆರೆದ ಮೀನು ಎರಡು ಗಂಟೆಗಿಂತ, ಕಡು ಸೆಕೆಯಲ್ಲಾದರೆ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಜೊತೆಗೆ ಚಪಾತಿಗಿಂತ ಖಡಕ್ ಜೋಳದ ರೊಟ್ಟಿ ವಾಸಿ. ಅದು ಮೆತ್ತಗಾಗದು, ಮುರಿದು ಎತ್ತಿಕೊಂಡು ತಿನ್ನಬಹುದು.

ಅರ್ಧ ಡಬ್ಬಿ ಮೀನು ಉಳಿದರೆ ತಗಡಿನಲ್ಲೇ ಬಿಡದೆ ಸ್ಟೀಲ್ ಅಥವಾ ಗಾಜಿನ ಪಾತ್ರೆಗೆ ಹಾಕಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಎರಡು ದಿನದೊಳಗೆ ಖಾಲಿ ಮಾಡಿ. ಕಲಸಿದ ಸಲಾಡೇ ಉಳಿದಿದ್ದರೆ ಮರುದಿನ ಹಸಿಯಾಗಿ ತಿನ್ನಲು ಚೆನ್ನಾಗಿರುವುದಿಲ್ಲ. ನೀರು ಬಸಿದು, ಸಾಸಿವೆ, ಕರಿಬೇವು, ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿ, ಚಿಟಿಕೆ ಖಾರದ ಪುಡಿಯೊಂದಿಗೆ ಐದು ನಿಮಿಷ ಬಾಡಿಸಿದರೆ ಚಪಾತಿಗೆ ಒಳ್ಳೆಯ ಪಲ್ಯ.